ಬತ್ತಿಸ್ತಿ ಮರೆಯಾಗಿದ್ದಕ್ಕೇ ಇಷ್ಟು ಹೆಸರಾ?

ತೊರಿನೊ ತಿಮ್ಮ:
ಬಹಳ ದಿನದಿಂದ ತಲೆಯಲ್ಲಿದ್ದ ಪ್ರಶ್ನೆ, ಇವತ್ತು ಹಾಕಿಬಿಡುತ್ತೇನೆ. ಲೂಚೊ ಬತ್ತಿಸ್ತಿ ಅಂತ ಇಟಲಿಯ ಹಾಡುಗಾರ, ರಾಗ ಕಟ್ಟುತ್ತಿದ್ದವನೂ ಅವನೇ. 1943ರಲ್ಲಿ ಹುಟ್ಟಿದ್ದು ರಿಯೇತಿ ಜಿಲ್ಲೆಯ ಪೊಜ್ಜೊ ಬುಸ್ತೋನೆ ಅನ್ನುವ ಗುಡ್ಡದ ಊರಲ್ಲಿ. ತೀರಿಕೊಂಡಿದ್ದು 1998ರ ಸೆಪ್ಟೆಂಬರ್ 9ಕ್ಕೆ, ಮಿಲಾನೊದ ಆಸ್ಪತ್ರೆಯಲ್ಲಿ, 55 ವರ್ಷಕ್ಕೇ. ಈ ಮನುಷ್ಯ 1970ರ ಆಚೆ ಟೂರ್ ಮಾಡಿಲ್ಲ. 1972 ಆದಮೇಲೆ ಇಟಲಿಯ ಟಿವಿಯಲ್ಲಿ ಹಾಡಿಲ್ಲ. ಆಮೇಲೆ ಸಂದರ್ಶನ ಕೊಡುವುದನ್ನೂ ಬಿಟ್ಟ. ಕೊನೆಕೊನೆಗೆ ಪತ್ರಿಕೆಯವರು ಕಾದು ಕೂತು ಕದ್ದು ತೆಗೆದ ಪಟಗಳು ಬಿಟ್ಟರೆ ಅವನ ಮುಖವೇ ಯಾರಿಗೂ ಕಾಣುತ್ತಿರಲಿಲ್ಲ.

ಆದರೆ ನಾನು ಕೆಲಸ ಮಾಡುವ ತೊರಿನೊದಲ್ಲಿ ಯಾರ ಮದುವೆಗಾದರೂ ಹೋಗಿ, ಊಟ ಮುಗಿದು ಎಲ್ಲರೂ ಸ್ವಲ್ಪ ಸಡಿಲ ಆದಮೇಲೆ ಯಾರೋ ಒಬ್ಬ ಗಿಟಾರ್ ಎತ್ತಿಕೊಳ್ಳುತ್ತಾನೆ, ಬರುವುದು ಬತ್ತಿಸ್ತಿ ಹಾಡೇ. ಇಪ್ಪತ್ತರ ಹುಡುಗಿಗೂ ಬಾಯಿಪಾಠ, ಅವಳ ಅಜ್ಜಿಗೂ ಬಾಯಿಪಾಠ.

ನನ್ನ ವಾದ ಇಷ್ಟು. ಅವನು ಮರೆಯಾಗಿದ್ದೇ ಅವನನ್ನು ಇಷ್ಟು ದೊಡ್ಡವನನ್ನಾಗಿ ಮಾಡಿತು. ಜನ ಅವನಿಗೆ ವಯಸ್ಸಾಗಿದ್ದು ನೋಡಲಿಲ್ಲ, ಸ್ವರ ತಪ್ಪಿದ್ದು ಕೇಳಲಿಲ್ಲ, ಟಿವಿ ರಿಯಾಲಿಟಿ ಶೋದಲ್ಲಿ ಜಡ್ಜ್ ಆಗಿ ಕೂತು ಕಣ್ಣೀರು ಹಾಕಿದ್ದೂ ನೋಡಲಿಲ್ಲ. ಅವನ ಕಾಲದ ಬೇರೆಯವರೆಲ್ಲ ಇದನ್ನೆಲ್ಲ ಮಾಡಿ ಸವೆದುಹೋದರು. ಏನಂತೀರಿ?

ಕ್ಯಾಸೆಟ್ ಕಾಲದವ:
ತಿಮ್ಮ ಅವರೇ, ಹಿಂದಿನದನ್ನು ಮುಂದೆ ಇಟ್ಟು ಹೇಳುತ್ತಿದ್ದೀರಿ. ಮರೆಯಾದರೆ ಹೆಸರು ಬರೋದಾದರೆ ನಾನು ಇಷ್ಟೊತ್ತಿಗೆ ಜಗತ್ಪ್ರಸಿದ್ಧ ಆಗಿರಬೇಕಿತ್ತು. ಯಾರಿಗೂ ಗೊತ್ತಿಲ್ಲದವನು ಮರೆಯಾದರೆ ಹುಡುಕುವವರು ಯಾರು?

ವರ್ಷ ನೋಡಿ. 1967ರಲ್ಲಿ ಎಕಿಪ್ 84 ಅನ್ನುವ ಬ್ಯಾಂಡ್ ಅವನ ರಾಗದ 'ವೆಂತಿನೋವೆ ಸೆತ್ತೆಂಬ್ರೆ' (ಅಂದರೆ ಸೆಪ್ಟೆಂಬರ್ 29) ಹಾಡಿತು, ಇಟಲಿಯಲ್ಲಿ ಮೊದಲ ಸ್ಥಾನ. ನಡುವೆ ರೇಡಿಯೋ ವಾರ್ತೆ ಓದುವ ದನಿ ಬರುತ್ತದಲ್ಲ, ಅದೇ ಹಾಡು. 1969ರಲ್ಲಿ ಸಾನ್‌ರೆಮೊ ಹಾಡಿನ ಸ್ಪರ್ಧೆಯ ಉತ್ಸವ. ಅಲ್ಲಿ ಆಗ ಒಂದೇ ಹಾಡನ್ನು ಇಬ್ಬರು ಬೇರೆ ಬೇರೆ ಹಾಡುವ ಪದ್ಧತಿ ಇತ್ತು, ಬತ್ತಿಸ್ತಿಯ ಜೋಡಿಯಾಗಿ ಬಂದವನು ಅಮೆರಿಕದ ಸೋಲ್ ಗಾಯಕ ವಿಲ್ಸನ್ ಪಿಕೆಟ್. ಬಂದಿದ್ದು ಒಂಬತ್ತನೇ ಸ್ಥಾನ, ಆದರೆ ದೇಶಕ್ಕೆಲ್ಲ ಮುಖ ಗೊತ್ತಾಯಿತು. ಅದೇ ಬೇಸಿಗೆ 'ಆಕ್ವಾ ಆದ್ಜುರ್ರಾ, ಆಕ್ವಾ ಕ್ಯಾರಾ'ಗೆ ಇಟಲಿಯ ಬೇಸಿಗೆ ಹಾಡಿನ ಸ್ಪರ್ಧೆಯಾದ ಫೆಸ್ತಿವಾಲ್‌ಬಾರ್ ಪ್ರಶಸ್ತಿ. ಮುಂದಿನ ವರ್ಷ 'ಫಿಯೋರಿ ರೋಜಾ ಫಿಯೋರಿ ದಿ ಪೆಸ್ಕೊ'ಗೆ ಮತ್ತೆ ಅದೇ ಪ್ರಶಸ್ತಿ. ಅಂದರೆ ಅವನು ಸ್ಟೇಜ್ ಇಳಿದಾಗ ಇಟಲಿಯ ನಂಬರ್ ಒನ್ ಆಗಿಯೇ ಇಳಿದ. ಹೆಸರು ಮೊದಲು ಬಂತು, ಮರೆಯಾಗಿದ್ದು ಆಮೇಲೆ.

ಹುಳಿಮಾವು:
ಎಲ್ಲರೂ ಒಬ್ಬನನ್ನು ಮರೆತೇಬಿಟ್ಟಿರಿ, ಮೊಗೊಲ್. ನಿಜವಾದ ಹೆಸರು ಜೂಲಿಯೊ ರಪೆತ್ತಿ, ಹಾಡಿನ ಸಾಹಿತ್ಯ ಬರೆಯುವವನು. 1966ರಿಂದ 1980ರ ತನಕ ಬತ್ತಿಸ್ತಿ ಹಾಡಿದ್ದರಲ್ಲಿ ಬಹುತೇಕ ಎಲ್ಲಕ್ಕೂ ಮಾತು ಕೊಟ್ಟವನು ಅವನು. ಮದುವೆ ಮನೆಯಲ್ಲಿ ಅಜ್ಜಿ ಹಾಡುವುದು ಯಾರ ಮಾತು ಸ್ವಾಮಿ? ಬತ್ತಿಸ್ತಿದಾ? ಅವನು ಒಂದು ಸಾಲೂ ಬರೆಯಲಿಲ್ಲ. ಇಂಥವನನ್ನು ಜನ ಇಟಲಿಯ ಹಾಡುಗಾರರಾದ ದೆ ಆಂದ್ರೆ, ಗುಚ್ಚೀನಿ, ದೆ ಗ್ರೆಗೋರಿ ಪಕ್ಕದಲ್ಲಿ ಕೂರಿಸುತ್ತಾರಲ್ಲ, ಅವರೆಲ್ಲ ತಮ್ಮ ಮಾತು ತಾವೇ ಬರೆದವರು.

ನನ್ನ ಪ್ರಕಾರ ಬತ್ತಿಸ್ತಿ ಜನಪ್ರಿಯತೆಯಲ್ಲಿ ಅರ್ಧ ಪಾಲು ಮೊಗೊಲ್‌ದು. ಹಾಗಾಗಿ ಅವನು ಮರೆಯಾಗಿದ್ದಕ್ಕೂ ಜನಪ್ರಿಯತೆಗೂ ಸಂಬಂಧವೇ ಇಲ್ಲ.

ಆರು ತಂತಿ:
ಗಿಟಾರ್ ಕಲಿಸುವವಳಾಗಿ ಒಂದು ಮಾತು. 'ಲಾ ಕಾನ್ತ್ಸೋನೆ ದೆಲ್ ಸೋಲೆ' ಅಂತ 1971ರ ಹಾಡು ಇದೆ. ಇಟಲಿಯಲ್ಲಿ ಗಿಟಾರ್ ಹಿಡಿದ ಪ್ರತಿಯೊಬ್ಬರೂ ಮೊದಲು ಕಲಿಯುವುದು ಇದನ್ನೇ. ಯಾಕೆ ಗೊತ್ತಾ? ಎ, ಇ, ಡಿ, ಮತ್ತೆ ಇ. ಮೊದಲಿಂದ ಕೊನೆ ತನಕ ಇಷ್ಟೇ ಕಾರ್ಡ್‌ಗಳು (ಒಟ್ಟಿಗೇ ನುಡಿಸುವ ಸ್ವರಗಳ ಗುಂಪು), ಇದೇ ಸುತ್ತು. ಪಲ್ಲವಿಗೆ ಬೇರೆ, ಚರಣಕ್ಕೆ ಬೇರೆ ಅಂತಿಲ್ಲ. ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತುವ 'ಬಾರ್' ಕಾರ್ಡ್ ಹಿಡಿದು ಬೆರಳು ನೋಯುವ ಕಾಟವೂ ಇಲ್ಲ. ವಾರದೊಳಗೆ ಯಾರು ಬೇಕಾದರೂ ನುಡಿಸಬಹುದು.

ಆದರೆ ಅಷ್ಟೇ ಆಗಿದ್ದರೆ ಹಾಡು ಎರಡು ನಿಮಿಷಕ್ಕೆ ಬೇಸರ ಹುಟ್ಟಿಸಬೇಕಿತ್ತು, ಅಲ್ವಾ? ಅದು ಐದು ನಿಮಿಷಕ್ಕೂ ಜಾಸ್ತಿ ಇದೆ, ಬೇಸರ ಆಗುವುದಿಲ್ಲ. ಕಾರ್ಡ್ ಅಲ್ಲಾಡದೆ ಕೂತಿರುತ್ತದೆ, ಅದರ ಮೇಲೆ ರಾಗ ಮಾತ್ರ ಮೊದಲು ಮಾತಾಡಿದ ಹಾಗೆ ಕೆಳಗೆ ಗುನುಗಿ, ಆಮೇಲೆ ಒಮ್ಮೆಲೆ ಮೇಲೆ ಏರಿ ಕೂಗುತ್ತದೆ. ಕೆಳಗಿನ ಆಧಾರ ಒಂದೇ, ಮೇಲಿನ ಭಾವ ಬೇರೆಯೇ. ಇದು ಮಾತು ಬರೆದವನ ಕೆಲಸ ಅಲ್ಲ ಹುಳಿಮಾವು ಅವರೇ, ರಾಗ ಕಟ್ಟಿದವನ ಕೆಲಸ.

ಇನ್ನೊಂದು ವಿಷಯ. ಬತ್ತಿಸ್ತಿ ಮೊದಲು ರಾಗ ತರುತ್ತಿದ್ದ. ಅರ್ಥ ಇಲ್ಲದ ಸುಳ್ಳು ಇಂಗ್ಲಿಷ್‌ನಲ್ಲಿ ಹಾಡಿ ತೋರಿಸುತ್ತಿದ್ದ, ಅದಕ್ಕೆ ಮೊಗೊಲ್ ಮಾತು ಕೂರಿಸುತ್ತಿದ್ದ. ಅಂದರೆ ಮಾತು ಹುಟ್ಟುವ ಮೊದಲೇ ಹಾಡಿನ ಸಿಟ್ಟು, ಸಂಕಟ, ಖುಷಿ ಎಲ್ಲ ರಾಗದಲ್ಲಿ ಬಂದು ಕೂತಿರುತ್ತಿತ್ತು. ಮೊಗೊಲ್ ದೊಡ್ಡವನು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅವನು ರಾಗ ಕೇಳಿ, ಅದರಲ್ಲಿ ಏನಿದೆ ಅಂತ ಕಂಡುಕೊಂಡು ಬರೆದವನು.

ಹುಳಿಮಾವು:
ಆರು ತಂತಿ ಮೇಡಂ, ಹಾಗಾದರೆ ಒಂದು ಲೆಕ್ಕ ಹೇಳಿ. 1980ರಲ್ಲಿ ಮೊಗೊಲ್ ಜೊತೆ ಬಿಟ್ಟ. ಆಮೇಲೆ ಬತ್ತಿಸ್ತಿ ಇನ್ನೂ ಆರು ಆಲ್ಬಂ ತಂದ. ಮದುವೆ ಮನೆಯಲ್ಲಿ ಆ ಆರರಲ್ಲಿ ಒಂದಾದರೂ ಹಾಡು ಬರುತ್ತದಾ? ತಿಮ್ಮ ಹೇಳಲಿ.

ತೊರಿನೊ ತಿಮ್ಮ:
ಬರುವುದಿಲ್ಲ. ಒಮ್ಮೆ ಸಹೋದ್ಯೋಗಿಯೊಬ್ಬ 'ಡಾನ್ ಜೊವಾನ್ನಿ' ಆಲ್ಬಂದು ಶುರು ಮಾಡಿದ, ಪಕ್ಕದವನು ಗಿಟಾರ್ ಕಿತ್ತುಕೊಂಡ.

ಹುಳಿಮಾವು:
ಅಷ್ಟೇ. ನನ್ನ ಕೇಸ್ ಮುಗಿಯಿತು.

ಆರು ತಂತಿ:
ಮುಗಿಯಲಿಲ್ಲ. ಆ ಆರರಲ್ಲಿ ಕೊನೆಯ ಐದು ಆಲ್ಬಂ ಜನ ಹಾಡಲಿ ಅಂತ ಮಾಡಿದ್ದೇ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಈಗ ಕ್ಲಾಸ್ ಇದೆ.

ಮಳೆಹುಳ:
ನಾನು ಹೊಸಬ, ಹೆಸರು ಕೇಳಿದ್ದೇ ಇವತ್ತು. ಹಾಡು ಹಾಕಿಕೊಂಡು ಓದುತ್ತಿದ್ದೇನೆ. ದನಿ ಸ್ವಲ್ಪ ಒರಟು ಇದೆ, ಆದರೆ ಬಿಡುವುದಕ್ಕೂ ಆಗುತ್ತಿಲ್ಲ. ಒಂದು ಪ್ರಶ್ನೆ. ಇಷ್ಟೆಲ್ಲ ಗೆದ್ದವನು ಸ್ಟೇಜ್ ಯಾಕೆ ಬಿಟ್ಟ? ಏನಾದರೂ ಆಯಿತಾ?

ಕ್ಯಾಸೆಟ್ ಕಾಲದವ:
ದನಿ ಒರಟು ಅಂತ ಆಗಲೂ ಬೈದರು ಮಳೆಹುಳ ಅವರೇ. ಮೊದಲು ರಿಕಾರ್ದಿ ಅನ್ನುವ ರೆಕಾರ್ಡ್ ಕಂಪನಿಗೇ ಅವನನ್ನು ಗಾಯಕನನ್ನಾಗಿ ಇಳಿಸುವ ಮನಸ್ಸಿರಲಿಲ್ಲ, ಬರೀ ರಾಗ ಕಟ್ಟಿ ಕೊಡಲಿ ಅಂತಿದ್ದರು. ನೀನೇ ಹಾಡು ಅಂತ ಹಟ ಹಿಡಿದವನು ಮೊಗೊಲ್. 1966ರ ಮೊದಲ ಸಿಂಗಲ್ 'ಪೆರ್ ಉನಾ ಲೀರಾ' ಮಾರಾಟವೇ ಆಗಲಿಲ್ಲ.

ಸ್ಟೇಜ್ ಬಿಟ್ಟಿದ್ದಕ್ಕೆ ನನ್ನ ಊಹೆ ಹೇಳುತ್ತೇನೆ. ಎಪ್ಪತ್ತರ ದಶಕದ ಇಟಲಿ ಅಂದರೆ ಸುಮ್ನೆ ಅಲ್ಲ. 1971ರ ಜುಲೈ 5ಕ್ಕೆ ಮಿಲಾನೊದ ವಿಗೊರೆಲ್ಲಿ ಮೈದಾನದಲ್ಲಿ ಲೆಡ್ ಜೆಪೆಲಿನ್ ಹಾಡುತ್ತಿದ್ದಾಗ ಪೊಲೀಸರು ಅಶ್ರುವಾಯು ಸಿಡಿಸಿದರು, ಬ್ಯಾಂಡ್‌ನವರು ಸ್ಟೇಜ್ ಬಿಟ್ಟು ಓಡಿಹೋದರು. 1976ರಲ್ಲಿ ದೆ ಗ್ರೆಗೋರಿಯನ್ನು ಮಿಲಾನೊದ ಪಾಲಾಲಿದೊದಲ್ಲಿ ಎಡಪಂಥದ ಹುಡುಗರ ಗುಂಪೊಂದು ಹಿಡಿದು ತಂದು ನಿಲ್ಲಿಸಿ, ನೀನು ಹಾಡಿ ಎಷ್ಟು ದುಡ್ಡು ಮಾಡಿದೆ, ಕ್ರಾಂತಿಗೆ ಏನು ಕೊಟ್ಟೆ ಅಂತ ವಿಚಾರಣೆ ಮಾಡಿತು. ಅವನು ಎಡಪಂಥದ ಕಡೆಯವನೇ, ಅವನಿಗೇ ಹೀಗೆ. 1977ರಲ್ಲಿ ಅಮೆರಿಕದ ಸಾಂತಾನಾ ಬ್ಯಾಂಡ್ ಹಾಡುವಾಗ ಸ್ಟೇಜ್ ಮೇಲೆ ಪೆಟ್ರೋಲ್ ಬಾಂಬ್ ಬಿತ್ತು. ಹೊರದೇಶದ ಬ್ಯಾಂಡ್‌ಗಳು ಇಟಲಿಗೆ ಬರುವುದನ್ನೇ ನಿಲ್ಲಿಸಿದ್ದವು. ಇಂಥ ಕಾಲದಲ್ಲಿ ಬರೀ ಪ್ರೀತಿ, ವಿರಹ, ಬೇಸಿಗೆ ಅಂತ ಹಾಡುವವನು ಮೈಕ್ ಮುಂದೆ ನಿಂತರೆ ಏನಾಗುತ್ತಿತ್ತು ಯೋಚಿಸಿ.

ಅದರ ಮೇಲೆ ಫ್ಯಾಸಿಸ್ಟ್ ಅನ್ನುವ ಪುಕಾರು ಬೇರೆ. ಒಂದು ಹಾಡಲ್ಲಿ ಚಾಚಿದ ಕೈಗಳ ಕಾಡು ಅಂತ ಬರುತ್ತದೆ, ಅದು ಮುಸೊಲಿನಿ ಸೆಲ್ಯೂಟ್ ಅಂದರು. ಇನ್ನೊಂದರಲ್ಲಿ ಕಪ್ಪು ಸಮುದ್ರ ಬರುತ್ತದೆ, ಕಪ್ಪು ಅಂದರೆ ಮುಸೊಲಿನಿ ಪಡೆಯವರ ಕಪ್ಪಂಗಿ ಅಂದರು. ಆ ಮಾತು ಬರೆದವನು ಮೊಗೊಲ್, ಬೈಗುಳ ತಿಂದವನು ಬತ್ತಿಸ್ತಿ. ಹಾಗೇನೂ ಇರಲಿಲ್ಲ, ರಾಜಕೀಯ ಅವನಿಗೆ ಬೇಕೇ ಇರಲಿಲ್ಲ ಅಂತ ಮೊಗೊಲ್ ಎಷ್ಟೋ ಸಲ ಹೇಳಿದ, ಕೇಳುವವರಿದ್ದರೆ ತಾನೇ.

ಹುಳಿಮಾವು:
ಕ್ಯಾಸೆಟ್ ಸಾರ್, ಕಥೆ ಚೆನ್ನಾಗಿದೆ, ವರ್ಷ ಹೊಂದುತ್ತಿಲ್ಲ. ಅವನು ಟೂರ್ ಬಿಟ್ಟಿದ್ದು 1970ರಲ್ಲಿ. ನೀವು ಹೇಳಿದ ಗಲಾಟೆ ಎಲ್ಲ ಅದಾದ ಮೇಲಿನದು. ಇನ್ನೂ ಬೀಳದ ಪೆಟ್ರೋಲ್ ಬಾಂಬ್‌ಗೆ ಹೆದರಿ ಮನೆಗೆ ಹೋದನಾ?

ಕ್ಯಾಸೆಟ್ ಕಾಲದವ:
ಬಿಡಲು ಕಾರಣ ಬೇರೆ, ವಾಪಸ್ ಬರದಿರಲು ಕಾರಣ ಬೇರೆ. ಬಿಟ್ಟಿದ್ದು ಅವನ ಸ್ವಭಾವಕ್ಕೆ. ಜನರ ನಡುವೆ ನಿಲ್ಲುವುದು ಅವನಿಗೆ ಹಿಂಸೆ ಅನ್ನುವುದು ಆ ಕಾಲದ ವಿಡಿಯೋ ನೋಡಿದರೇ ಗೊತ್ತಾಗುತ್ತದೆ. ಅದೇ 1970ರ ಬೇಸಿಗೆಯಲ್ಲಿ ಏನು ಮಾಡಿದ ಗೊತ್ತಾ? ಮೊಗೊಲ್ ಜೊತೆ ಕುದುರೆ ಏರಿ ಮಿಲಾನೊದಿಂದ ರೋಮ್‌ಗೆ ಹೊರಟ. ಹಾಡು ಟಾಪ್‌ನಲ್ಲಿದ್ದಾಗ ಬೇರೆಯವರಾದರೆ ಊರೂರು ಸುತ್ತಿ ದುಡ್ಡು ಎಣಿಸುತ್ತಿದ್ದರು, ಇವರಿಬ್ಬರು ಹಳ್ಳಿ ದಾರಿಯಲ್ಲಿ ಕುದುರೆ ಓಡಿಸಿಕೊಂಡು ಹೋದರು. ಇಂಥವನಿಗೆ ವಾಪಸ್ ಬರಬೇಕು ಅಂತ ಯಾವಾಗಲಾದರೂ ಅನಿಸಿದ್ದರೂ, ದೇಶದ ಸ್ಥಿತಿ ನೋಡಿ ಆ ಆಸೆ ಅಲ್ಲೇ ಇಂಗಿರಬೇಕು.

ತೊರಿನೊ ತಿಮ್ಮ:
1972ರ ಮೀನಾ ಜೊತೆಗಿನ ಹಾಡು ನೋಡಿದ್ದೀರಾ ಎಲ್ಲರೂ? ಏಪ್ರಿಲ್ 23, ಇಟಲಿ ಸರ್ಕಾರಿ ಟಿವಿಯ 'ತೆಯಾತ್ರೊ 10' ಕಾರ್ಯಕ್ರಮ, ಕಪ್ಪು ಬಿಳುಪು. ಮೀನಾ ಅಂದರೆ ಆಗ ಇಟಲಿಯ ಅತಿ ದೊಡ್ಡ ಗಾಯಕಿ. ಅವಳಿಗೆ 'ಇನ್‌ಸ್ಯೆಮೆ', 'ಅಮೋರ್ ಮಿಯೊ' ಎಲ್ಲ ಮಾಡಿಕೊಟ್ಟವನೂ ಬತ್ತಿಸ್ತಿಯೇ. ಟಿವಿ ಸ್ಟೇಷನ್‌ನ ದೊಡ್ಡ ಆರ್ಕೆಸ್ಟ್ರಾ ಬೇಡ ಅಂತ ಐದು ಜನ ವಾದ್ಯದವರನ್ನು ಮಿಲಾನೊದಿಂದ ಜೊತೆಗೇ ಕರೆದುಕೊಂಡು ಬಂದ. ಗುಂಗುರು ಕೂದಲು, ಕತ್ತಿಗೊಂದು ಕರ್ಚೀಫು. ಇಬ್ಬರೂ ಎದುರುಬದುರು ನಿಂತು ಒಂದರ ಬೆನ್ನಿಗೆ ಒಂದು ಹಾಡು ಪೋಣಿಸುತ್ತಾ ಹೋಗುತ್ತಾರೆ. ಅವಳದು ನಯವಾದ ದೊಡ್ಡ ದನಿ, ಇವನದು ಒಡೆದ ದನಿ. ಅವಳು ಎತ್ತಿ ಹಾಡಿದ ಕೂಡಲೇ ಇವನೂ ಬಿಡದೆ ಎತ್ತುತ್ತಾನೆ. ಸುಮಾರು ಒಂಬತ್ತು ನಿಮಿಷ ಅಷ್ಟೇ. ಅದಾದ ಮೇಲೆ ಇಟಲಿಯ ಪರದೆಯಿಂದ ಹೋದವನು ಹೋದ.

ಇವತ್ತಿಗೂ ವರ್ಷಕ್ಕೆ ನಾಲ್ಕು ಸಲ ಟಿವಿಯವರು ಅದನ್ನೇ ಹಾಕುತ್ತಾರೆ. ಯಾಕೆ? ಬೇರೇನೂ ಇಲ್ಲವಲ್ಲ! ಇದ್ದದ್ದು ಇಷ್ಟೇ ಆದ್ದರಿಂದ ಇದಕ್ಕೆ ಚಿನ್ನದ ಬೆಲೆ. ಅದಕ್ಕೇ ನಾನು ಹೇಳಿದ್ದು, ಮರೆಯಾಗಿದ್ದೇ ಅವನ ಬಂಡವಾಳ ಅಂತ.

ಮಳೆಹುಳ:
ಈಗ ನೋಡಿದೆ. ಅಯ್ಯೋ ಮಾರಾಯ್ರೆ. ಆ ಮೀನಾ ನಗುತ್ತಾ ಅವನನ್ನು ನೋಡುವುದು! ಅವರೂ ಈಗ ಹಾಡುತ್ತಾರಾ?

ತೊರಿನೊ ತಿಮ್ಮ:
ಅವಳದ್ದೂ ಇದೇ ಕಥೆ! 1978ರ ಆಗಸ್ಟ್‌ನಲ್ಲಿ ಕೊನೆಯ ಕಾನ್ಸರ್ಟ್, ಆಮೇಲೆ ಸ್ವಿಟ್ಜರ್‌ಲೆಂಡಿನ ಲುಗಾನೊದಲ್ಲಿ ಇದ್ದುಕೊಂಡು ಆಲ್ಬಂ ಮಾತ್ರ ತರುತ್ತಾ ಬಂದಳು. ಇಬ್ಬರೂ ಮರೆಯಾದರು, ಇಬ್ಬರೂ ದಂತಕಥೆ ಆದರು. ಇದಕ್ಕಿಂತ ಸಾಕ್ಷಿ ಬೇಕಾ?

ಹುಳಿಮಾವು:
ಇಬ್ಬರೂ ಮರೆಯಾಗುವ ಮೊದಲೇ ದಂತಕಥೆ ಆಗಿದ್ದರು ಗುರು. ಮರೆಯಾಗಿ ಯಾರಿಗೂ ನೆನಪಿಲ್ಲದೆ ಹೋದ ನೂರು ಜನರ ಪಟ್ಟಿ ನಮ್ಮ ಹತ್ತಿರ ಇಲ್ಲ. ಇರಲು ಸಾಧ್ಯವೂ ಇಲ್ಲ, ಯಾಕೆಂದರೆ ಯಾರಿಗೂ ನೆನಪಿಲ್ಲ.

ಕರಾರುಪತ್ರ:
ವಕೀಲಿ ಮಾಡುವವರು ಒಬ್ಬರಾದರೂ ಮಾತಾಡಬೇಕಲ್ಲ. ತಿಮ್ಮ ಅವರ ವಾದದಲ್ಲಿ ಒಂದು ತೂತಿದೆ. ಅವನು ಮರೆಯಾಗಿದ್ದು ಒಂದು, ಅವನ ಹಾಡುಗಳನ್ನು ಮರೆಮಾಡಿದ್ದು ಇನ್ನೊಂದು. ಎರಡನ್ನೂ ಸೇರಿಸಿ ಮಾತಾಡಬೇಡಿ.

ಅವನು ತೀರಿಕೊಂಡ ಮೇಲೆ ಹಕ್ಕುಗಳ ವಿಷಯದಲ್ಲಿ ಹೆಂಡತಿ ಮತ್ತು ಮಗ ತುಂಬಾ ಬಿಗಿಯಾಗಿ ನಿಂತರು. ಜಾಹೀರಾತಿಗೆ ಕೊಡಲ್ಲ, ಸಿನಿಮಾಕ್ಕೆ ಕೊಡಲ್ಲ, ಇಂಟರ್ನೆಟ್‌ಗೆ ಕೊಡಲ್ಲ. ಹಾಡುಗಳು ಇದ್ದದ್ದು ಆಕ್ವಾ ಆದ್ಜುರ್ರಾ ಅನ್ನುವ ಪ್ರಕಾಶನ ಕಂಪನಿಯ ಕೈಯಲ್ಲಿ, ಅದರಲ್ಲಿ ಜಾಸ್ತಿ ಪಾಲು ಕುಟುಂಬದ್ದು. ಮೊಗೊಲ್‌ಗೆ ಇದರಿಂದ ನಷ್ಟ. ಹಾಡು ಎಲ್ಲೂ ಬಳಕೆ ಆಗದಿದ್ದರೆ ಸಾಹಿತ್ಯ ಬರೆದವನಿಗೂ ರಾಯಲ್ಟಿ ಇಲ್ಲ ತಾನೇ. ಅವನು ಕೋರ್ಟಿಗೆ ಹೋದ. 2016ರಲ್ಲಿ ಮಿಲಾನೊ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು, ಪರಿಹಾರ ಕೊಡಿ ಅಂದಿತು. ಕೊನೆಗೆ ಕಂಪನಿಯನ್ನು ಮುಚ್ಚುವ ಪ್ರಕ್ರಿಯೆಗೆ ಹಾಕಿ, ಆಮೇಲೆ ಬಾಗಿಲು ತೆರೆಯಿತು. 2019ರ ಸೆಪ್ಟೆಂಬರ್ 29ಕ್ಕೆ ಮೊಗೊಲ್ ಕಾಲದ 12 ಆಲ್ಬಂ ಸ್ಟ್ರೀಮಿಂಗ್‌ಗೆ ಬಂತು. ತಾರೀಕು ನೋಡಿ, ಎಕಿಪ್ 84 ಹಾಡಿದ ಅದೇ ಹಾಡಿನ ತಾರೀಕು. ಕಂಪನಿಯವರಿಗೆ ಮಾರುವ ಕಲೆ ಚೆನ್ನಾಗಿ ಗೊತ್ತು.

ಈಗ ನನ್ನ ಪಾಯಿಂಟ್. ಇಡೀ ಜಗತ್ತು ಫೋನ್‌ನಲ್ಲಿ ಹಾಡು ಕೇಳಲು ಶುರು ಮಾಡಿದ ಮೇಲೂ ವರ್ಷಗಟ್ಟಲೆ ಅವನು ಅಲ್ಲಿ ಇರಲಿಲ್ಲ. ಹೊಸ ಹುಡುಗರಿಗೆ ಸಿಗಲಿಲ್ಲ. ಇದರಿಂದ ಹೆಸರು ಬೆಳೆಯಿತಾ? ಇಲ್ಲ, ನಷ್ಟವೇ ಆಯಿತು. ಆದರೂ ಉಳಿದ ಅಂದರೆ ಅದು ಮರೆಯಾಗಿದ್ದರ ಗೆಲುವಲ್ಲ, ಮರೆಮಾಡಿದರೂ ಹೋಗದಷ್ಟು ಗಟ್ಟಿ ಇದ್ದ ಹಾಡಿನ ಗೆಲುವು.

ಆರು ತಂತಿ:
ಕ್ಲಾಸ್ ಮುಗಿಯಿತು, ಬಂದೆ. ಕರಾರುಪತ್ರ ಅವರು ಹೇಳಿದ್ದರ ಮೇಲೇ ಮುಂದುವರಿಸುತ್ತೇನೆ. ಹೇಗೆ ಉಳಿದ ಅನ್ನುವುದಕ್ಕೆ ನನ್ನ ಉತ್ತರ, ಜನ ಹಾಡಿದರು. ಅವನು ಸ್ಟೇಜ್‌ನಲ್ಲಿ ಹಾಡುತ್ತಾ ಇದ್ದಿದ್ದರೆ ಜನ ಟಿಕೆಟ್ ತೆಗೆದು ಹೋಗಿ ಕೇಳಿ ಬರುತ್ತಿದ್ದರು. ಅವನು ಹಾಡಲಿಲ್ಲ, ಹಾಗಾಗಿ ಸಮುದ್ರದ ದಡದಲ್ಲಿ ಬೆಂಕಿ ಹಾಕಿಕೊಂಡು ಕೂತ ಹುಡುಗರು ಹಾಡಿದರು, ಚರ್ಚ್ ಯುವಕರ ಶಿಬಿರದಲ್ಲಿ ಹಾಡಿದರು, ಬೇಸಿಗೆಯಲ್ಲಿ ಊರ ಚೌಕದಲ್ಲಿ ಅವನದೇ ಹಾಡಿನ ಬ್ಯಾಂಡ್‌ಗಳು ಹಾಡಿದವು. ರೋಮ್‌ನ ಒಲಿಂಪಿಕೊ ಸ್ಟೇಡಿಯಂನಲ್ಲಿ ಲಾತ್ಸಿಯೊ ಫುಟ್‌ಬಾಲ್ ಅಭಿಮಾನಿಗಳು ಇವತ್ತಿಗೂ 'ಇ ಜಾರ್ದೀನಿ ದಿ ಮಾರ್ತ್ಸೊ' ಹಾಡುತ್ತಾರೆ. ಆ ಹಾಡು ಯಾವುದರ ಬಗ್ಗೆ ಗೊತ್ತಾ? ಐಸ್‌ಕ್ರೀಂ ಗಾಡಿಯವನು ಕೂಗಿಕೊಂಡು ಹೋಗುತ್ತಾನೆ, ತಿಂಗಳ ಇಪ್ಪತ್ತೊಂದಕ್ಕೇ ಮನೆಯಲ್ಲಿ ದುಡ್ಡು ಖಾಲಿ, ಶಾಲೆ ಬಿಟ್ಟ ಮೇಲೆ ಬೇರೆ ಹುಡುಗರು ಪುಸ್ತಕ ಮಾರುವುದನ್ನು ನೋಡುತ್ತಾ, ತಾನೂ ಹಾಗೆ ಮಾಡಲು ಧೈರ್ಯ ಸಾಲದೆ ನಿಲ್ಲುವ ಒಬ್ಬ ಹುಡುಗ. ಇದು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕೂಗುವ ಹಾಡಾ? ಆದರೂ ಸಾವಿರಾರು ಗಂಡಸರು ಸ್ಕಾರ್ಫ್ ಎತ್ತಿ ಹಿಡಿದು ಹಾಡುತ್ತಾರೆ.

ಹುಳಿಮಾವು:
ಅಂದರೆ ನೀವೂ ತಿಮ್ಮನ ಪಾರ್ಟಿಗೇ ಸೇರಿಬಿಟ್ಟಿರಾ?

ಆರು ತಂತಿ:
ಪೂರ್ತಿ ಅಲ್ಲ. ತಿಮ್ಮ ಹೇಳುವುದು ನಿಗೂಢ, ಮುಖ ಕಾಣಲಿಲ್ಲ, ವಯಸ್ಸಾಗಲಿಲ್ಲ ಅಂತ. ಅದು ಪತ್ರಿಕೆಯವರ ಕುತೂಹಲ. ಹಾಡುವವರಿಗೆ ಅವನ ಮುಖ ಬೇಕಿಲ್ಲ. ಮೊದಲಿನಿಂದಲೂ ಅವನ ಹಾಡು ಬೇರೆಯವರ ಬಾಯಲ್ಲೇ ಇತ್ತು ನೋಡಿ. ಎಕಿಪ್ 84, ಮೀನಾ, ಫೋರ್ಮುಲಾ ತ್ರೆ, ಪತ್ತಿ ಪ್ರಾವೊ. ಪತ್ತಿ ಪ್ರಾವೊ ಹಾಡಿದ 'ಇಲ್ ಪರದೀಜೊ' ಅನ್ನೋದನ್ನು ಬ್ರಿಟನ್ನಿನ ಏಮೆನ್ ಕಾರ್ನರ್ ಬ್ಯಾಂಡ್ ಇಂಗ್ಲಿಷ್‌ನಲ್ಲಿ ಹಾಡಿ 1969ರಲ್ಲಿ ಅಲ್ಲಿ ನಂಬರ್ ಒನ್ ಮಾಡಿತು. 'ಬಲ್ಲಾ ಲಿಂಡಾ' ಅಮೆರಿಕದಲ್ಲಿ ಗ್ರಾಸ್ ರೂಟ್ಸ್ ಬ್ಯಾಂಡ್‌ಗೆ ಹಿಟ್ ಆಯಿತು. ಬ್ರಿಟನ್ನಿನ ರಾಕ್ ತಾರೆ ಡೇವಿಡ್ ಬೋವಿಯೇ ಬತ್ತಿಸ್ತಿಯ ಒಂದು ರಾಗಕ್ಕೆ ಇಂಗ್ಲಿಷ್ ಮಾತು ಬರೆದ, ಅದನ್ನು ಬೋವಿಯ ಗಿಟಾರ್ ವಾದಕ ಮಿಕ್ ರಾನ್ಸನ್ 1974ರ ಆಲ್ಬಂನಲ್ಲಿ ಹಾಡಿದ. ಬೇರೆಯವರ ಗಂಟಲಿಗೆ ಒಗ್ಗುವ ರಾಗ ಬತ್ತಿಸ್ತಿಯದು.

ಕ್ಯಾಸೆಟ್ ಕಾಲದವ:
ಸರಿ, ಆದರೆ ಬೇರೆಯವರು ಹಾಡಿ ಗೆದ್ದ ಹೊರದೇಶದಲ್ಲಿ ಅವನೇ ಹಾಡಿ ಸೋತ. 1977ರಲ್ಲಿ 'ಇಮೇಜಸ್' ಅಂತ ಪೂರ್ತಿ ಇಂಗ್ಲಿಷ್ ಆಲ್ಬಂ ತಂದ, ನೆಲಕಚ್ಚಿತು. ಟೂರ್ ಮಾಡಲ್ಲ, ಟಿವಿಗೆ ಬರಲ್ಲ, ಸಂದರ್ಶನ ಕೊಡಲ್ಲ ಅನ್ನುವ ಹೊಸ ಹಾಡುಗಾರನನ್ನು ಅಮೆರಿಕದವರು ಯಾಕೆ ಕೇಳುತ್ತಾರೆ? ತಿಮ್ಮ ಅವರೇ, ನಿಮ್ಮ ವಾದಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ. ಎಲ್ಲಿ ಮೊದಲೇ ಹೆಸರಿತ್ತೋ ಅಲ್ಲಿ ಮರೆಯಾದರೂ ನಡೆಯಿತು. ಎಲ್ಲಿ ಇರಲಿಲ್ಲವೋ ಅಲ್ಲಿ ನಡೆಯಲಿಲ್ಲ.

ತೊರಿನೊ ತಿಮ್ಮ:
ಇದು ಒಳ್ಳೆ ಏಟು, ಒಪ್ಪುತ್ತೇನೆ. ಆದರೆ ಇಟಲಿ ಒಳಗಿನ ಮಾತು ಬಿಡಲ್ಲ. ಅವನಷ್ಟೇ ಹಿಟ್ ಕೊಟ್ಟ, ಆದರೆ ಟಿವಿಯಲ್ಲಿ ದಿನಾ ಕಾಣಿಸಿಕೊಂಡ ಎಷ್ಟೋ ಜನರ ಬಗ್ಗೆ ಇಲ್ಲಿನವರು ಪ್ರೀತಿಯಿಂದ ಮಾತಾಡುತ್ತಾರೆ, ಬತ್ತಿಸ್ತಿ ಬಗ್ಗೆ ಮಾತಾಡುವಾಗ ಮಾತ್ರ ಭಕ್ತಿ ಬರುತ್ತದೆ. ಭಕ್ತಿಗೆ ದೂರ ಬೇಕು.

ಹುಳಿಮಾವು:
ಭಕ್ತಿ ಬಿಡಿ, ದುಡ್ಡಿನ ವಿಷಯಕ್ಕೆ ಬನ್ನಿ. 1980ರಲ್ಲಿ ಜೋಡಿ ಯಾಕೆ ಒಡೆಯಿತು ಅಂತ ಮೊಗೊಲ್ ತಾನೇ ಹೇಳಿದ್ದಾನೆ, ರಾಯಲ್ಟಿ ಸಮಪಾಲು ಕೇಳಿದೆ, ಬತ್ತಿಸ್ತಿ ಒಪ್ಪಲಿಲ್ಲ ಅಂತ. ರಾಗ ಕಟ್ಟಿದವನಿಗೆ ಜಾಸ್ತಿ ಪಾಲು ಬರುತ್ತಿತ್ತು. ಎಷ್ಟೇ ಹಿಟ್ ಕೊಟ್ಟ ಜೋಡಿಯಾದರೂ ಲೆಕ್ಕದ ಪುಸ್ತಕ ಬಂದರೆ ಮುಗಿಯಿತು. 'ಉನಾ ಜೊರ್ನಾತಾ ಉದ್ಜೋಜಾ' ಅನ್ನುವ ಆಲ್ಬಂ ಅವರ ಕೊನೆಯದು, ಅದರ ಕೊನೆಯ ಹಾಡಿನ ಕೊನೆಯಲ್ಲಿ ಫಿಲ್ ಪಾಮರ್ ಗಿಟಾರ್ ಇದೆಯಲ್ಲ, ನನ್ನಂಥ ಮೊಂಡನಿಗೂ ಅದು ಕೇಳಿದರೆ ಏನೋ ಆಗುತ್ತದೆ.

ಕರಾರುಪತ್ರ:
ಅದು ಮೊಗೊಲ್ ಹೇಳಿದ ಕಥೆ ಅನ್ನುವುದು ನೆನಪಿರಲಿ. ಬತ್ತಿಸ್ತಿ ತನ್ನ ಕಡೆಯದು ಹೇಳಲೇ ಇಲ್ಲ. ಎದುರು ಪಕ್ಷ ಹಾಜರಾಗದೆ ಕೊಟ್ಟ ತೀರ್ಪು ಅದು.

ತೊರಿನೊ ತಿಮ್ಮ:
ಅದೂ ಮರೆಯಾಗಿದ್ದರ ಬೆಲೆಯೇ. ಮೊಗೊಲ್ ಇಷ್ಟು ವರ್ಷ ಟಿವಿಯಲ್ಲಿ ಕೂತು ಎಲ್ಲ ಕಥೆ ಹೇಳಿದ, ಉಂಬ್ರಿಯಾದಲ್ಲಿ ಹಾಡು ಬರೆಯುವುದನ್ನು ಕಲಿಸುವ ಶಾಲೆ ಕಟ್ಟಿದ, 2018ರಲ್ಲಿ ಕೃತಿಕಾರರ ಹಕ್ಕಿನ ಸಂಸ್ಥೆಗೆ ಅಧ್ಯಕ್ಷನೂ ಆದ. ಬತ್ತಿಸ್ತಿ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಮೊಗೊಲ್ ಹೇಳಿದ್ದು.

ಆರು ತಂತಿ:
ಈಗ ಕೊನೆಯ ಐದು ಆಲ್ಬಂ. ಹುಳಿಮಾವು ಅವರ ಕೇಸ್ ಮುಗಿಯಲಿಲ್ಲ ಅಂದಿದ್ದೆನಲ್ಲ. 1982ರ 'ಎ ಜಾ'ಗೆ ಮಾತು ಹೆಂಡತಿಯದು, ಅದು ಬಿಡಿ. 1986ರಿಂದ 1994ರ ತನಕ ಪಾಸ್ಕ್ವಾಲೆ ಪನೆಲ್ಲಾ ಅನ್ನುವ ರೋಮ್‌ನ ಕವಿ ಜೊತೆ ಎರಡು ವರ್ಷಕ್ಕೊಂದರಂತೆ ಐದು ತಂದ. ಕವರ್‌ಗಳು ಬಿಳಿ, ಮೇಲೆ ಎರಡು ಗೆರೆಯ ಚಿತ್ರ, ಅವನ ಫೋಟೋ ಇಲ್ಲ. ಕೊನೆಯದು 'ಹೆಗೆಲ್', ಅದರ ಕವರ್ ಮೇಲೆ ಬರೀ 'ಇ' ಅಕ್ಷರ. ಗಿಟಾರ್ ಹೋಗಿ ಸಿಂಥಸೈಜರ್ ಬಂತು, ಪಲ್ಲವಿಯೇ ಇಲ್ಲದ ಹಾಡುಗಳು, ಒಂದು ಸಾಲು ಮುಗಿಯುವ ಮೊದಲೇ ಇನ್ನೊಂದು ಅರ್ಥಕ್ಕೆ ಜಾರುವ ಮಾತು. ಜೊತೆಗೆ ಹಾಡಲು ಹೋದರೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತಲೇ ಗೊತ್ತಾಗುವುದಿಲ್ಲ. 'ಡಾನ್ ಜೊವಾನ್ನಿ' ಹೆಸರಿನ ಬಲದಲ್ಲಿ ಮಾರಾಟವಾಯಿತು, ಆಮೇಲೆ ಒಂದೊಂದೇ ಇಳಿಯಿತು.

ಜನಪ್ರಿಯ ಆಗಬೇಕು ಅಂದಿದ್ದರೆ ಇನ್ನೊಬ್ಬ ಮೊಗೊಲ್‌ನನ್ನು ಹುಡುಕುತ್ತಿದ್ದ. ದೇಶವೆಲ್ಲ ಸಾಲುಗಟ್ಟಿ ಬರೆದುಕೊಡುತ್ತಿತ್ತು. ಹುಡುಕಲಿಲ್ಲ. ಮದುವೆ ಮನೆಯಲ್ಲಿ ಹಾಡದಂಥ ಹಾಡೇ ಬೇಕಿತ್ತು ಅವನಿಗೆ. ಬೀಜ ಮೊದಲೇ ಇತ್ತು. 1974ರ 'ಆನಿಮಾ ಲತೀನಾ' ಕೇಳಿ, ದಕ್ಷಿಣ ಅಮೆರಿಕ ಸುತ್ತಿ ಬಂದು ಮಾಡಿದ್ದು. ಅದರಲ್ಲಿ ಬೇಕಂತಲೇ ತನ್ನ ದನಿಯನ್ನು ವಾದ್ಯಗಳ ಕೆಳಗೆ ಹೂತಿಟ್ಟ, ಕೇಳುವವರು ಕಿವಿ ಚಾಚಲಿ ಅಂತ. ಇಟಲಿಯ ಅತಿ ದೊಡ್ಡ ಸ್ಟಾರ್ ತನ್ನದೇ ದನಿ ಇಳಿಸಿದ, ಅದೂ ಹಿಂದಿನ ವರ್ಷ 'ಇಲ್ ಮಿಯೊ ಕಾಂತೊ ಲೀಬೆರೊ' ಮಾರಾಟದಲ್ಲಿ ಎಲ್ಲರನ್ನೂ ಹಿಂದಿಕ್ಕಿದ ಮೇಲೆ.

ಹುಳಿಮಾವು:
ಪನೆಲ್ಲಾ ಆಲ್ಬಂ ಕೇಳುವುದು ಅಂದರೆ ಬೀಗ ಹಾಕಿದ ಗೋದ್ರೇಜ್ ಬೀರು ಮುಂದೆ ಕೂತು ಒಳಗೆ ಏನಿರಬಹುದು ಅಂತ ಯೋಚಿಸಿದ ಹಾಗೆ. ಇದ್ದರೂ ಇರಬಹುದು. ಕೀ ಯಾರ ಹತ್ತಿರ ಇದೆ?

ಕ್ಯಾಸೆಟ್ ಕಾಲದವ:
ನಾನು ಹುಳಿಮಾವು ಜೊತೆ ಒಪ್ಪುವುದು ಅಪರೂಪ. ಇಲ್ಲಿ ಒಪ್ಪುತ್ತೇನೆ. ಆ ಎಲ್‌ಪಿಗಳು ನನ್ನ ಹತ್ತಿರ ಇವೆ, ಗೀರು ಬಿದ್ದಿಲ್ಲ. ಯಾಕೆ ಬಿದ್ದಿಲ್ಲ ಅಂತ ಬೇರೆ ಹೇಳಬೇಕಾ?

ಆರು ತಂತಿ:
ಒಂದೇ ಸಲ ಕೇಳಿ ಕೆಳಗಿಟ್ಟಿದ್ದೀರಿ ಅಂತಾಯಿತು. ಈಗಿನ ಇಟಲಿಯ ಹೊಸ ಹಾಡುಗಾರರು ಆ ಆಲ್ಬಂಗಳ ಹೆಸರು ಹೇಳುವುದು ಕೇಳಿದ್ದೇನೆ. ನಿಮ್ಮ ಪೀಳಿಗೆಗೆ ಮೊಗೊಲ್ ಕಾಲದ 'ಎಮೊತ್ಸಿಯೋನಿ', ಅವರಿಗೆ 'ಡಾನ್ ಜೊವಾನ್ನಿ'.

ಮಳೆಹುಳ:
ನನ್ನಂಥವನು ಎಲ್ಲಿಂದ ಶುರು ಮಾಡಲಿ? ಒಂದೇ ಒಂದು ಹೆಸರು ಹೇಳಿ, ಜಗಳ ಬೇಡ.

ಕ್ಯಾಸೆಟ್ ಕಾಲದವ:
'ಎಮೊತ್ಸಿಯೋನಿ'. ಗಿಟಾರ್ ಮತ್ತು ಅವನ ದನಿ ಕೇಳಿ, ಮಿಕ್ಕಿದ್ದೆಲ್ಲ ಹಿಂದಿರುತ್ತದೆ.

ತೊರಿನೊ ತಿಮ್ಮ:
'ಪೆನ್ಸ್ಯೇರಿ ಎ ಪಾರೋಲೆ', ಹೆಡ್‌ಫೋನ್ ಹಾಕಿಕೊಂಡು. ಎರಡು ದನಿ ಎರಡು ಬೇರೆ ರಾಗ ಒಟ್ಟಿಗೇ ಹಾಡುತ್ತವೆ, ಎರಡೂ ಅವನೇ.

ಕರಾರುಪತ್ರ:
'ಆನಿಮಾ ಲತೀನಾ' ಪೂರ್ತಿ ಆಲ್ಬಂ, ರಾತ್ರಿ.

ಆರು ತಂತಿ:
ಗಿಟಾರ್ ಇದ್ದರೆ 'ಲಾ ಕಾನ್ತ್ಸೋನೆ ದೆಲ್ ಸೋಲೆ', ಕೇಳಬೇಡಿ, ನುಡಿಸಿ. ಎ, ಇ, ಡಿ, ಇ.

ಹುಳಿಮಾವು:
ಒಂದು ಕೇಳಿದ, ನಾಲ್ಕು ಸಿಕ್ಕಿತು. ನಾನು ಹೇಳುವುದು ಮೀನಾ ಹಾಡಿದ 'ಇನ್‌ಸ್ಯೆಮೆ'. ಬತ್ತಿಸ್ತಿ ರಾಗ, ಮೊಗೊಲ್ ಮಾತು, ಬತ್ತಿಸ್ತಿ ದನಿ ಇಲ್ಲ. ತಿಮ್ಮ ಖುಷಿಪಡಲಿ, ಅದರಲ್ಲೂ ಅವನು ಕಾಣೆಯಾಗಿದ್ದಾನೆ.